ಮದರಾಸಿನಲ್ಲಿ ಬರೆದಿಟ್ಟ ಹಂಪೆ

ಹಂಪೆಗೆ ಹೋಗಿಬಂದವರೆಲ್ಲರೂ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಕಂಡಿರುತ್ತಾರೆ. ಆ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತೆಂಬುದನ್ನು ಬಲ್ಲವರು ಕಡಿಮೆ. ಇಂದು ಆ ಶಿಖರವಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದು ಉಳಿದಿದೆ. ಹಳೆಯ ಕಟ್ಟಡವನ್ನು ಕಾಪಾಡುವ ಮೊದಲು ಅದನ್ನು ದಾಖಲಿಸಬೇಕೆಂಬ ಮಾತಿಗೆ ಬೇರೆ ನಿದರ್ಶನ ಬೇಕಿಲ್ಲ.

ಹಂಪೆಯ ದಾಖಲೆಗೂ ನಾವು ನೆಲೆಸಿರುವ ಈ ನಗರಕ್ಕೂ ಹಳೆಯ ನಂಟು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ ಹಂಪೆಯ ಹೊಣೆಯೂ ಇಲ್ಲಿನ ಸರ್ಕಾರದ ಮೇಲಿತ್ತು. 1800ರ ಸುಮಾರಿನಲ್ಲಿ ಕಾಲಿನ್ ಮೆಕೆಂಜಿ ಹಂಪೆಯ ನಕ್ಷೆಯನ್ನು ಸಿದ್ಧಪಡಿಸಿದನು. ಅವನ ಸಹಾಯಕರು ಊರೂರು ಅಲೆದು ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳಲ್ಲಿ ಅನೇಕವು ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯಕ್ಕೆ ಸೇರಿದವು. ಮದರಾಸಿನ ಅಧಿಕಾರಿ ರಾಬರ್ಟ್ ಸೀವೆಲ್ 1882 ಮತ್ತು 1884ರಲ್ಲಿ ಇಡೀ ಪ್ರಾಂತ್ಯದ ಪ್ರಾಚೀನ ಅವಶೇಷಗಳ ಪಟ್ಟಿಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟ 1939ರಲ್ಲಿ ಹೊರಬಂತು. ಅದನ್ನು ಸಂಪಾದಿಸಿದವರು ಆರ್. ಶಾಮಾಶಾಸ್ತ್ರಿಗಳು ಮತ್ತು ಎನ್. ಲಕ್ಷ್ಮೀನಾರಾಯಣರಾಯರು.

ಪಟ್ಟಿಯ ಬೆನ್ನಿಗೆ ಕಾನೂನು ಬಂತು. ಕರ್ಜನ್ನನ ಕಾಲದ 1904ರ ಕಾಯಿದೆ ಮೊದಲನೆಯದು. ಸ್ವತಂತ್ರ ಭಾರತದ ಕಾಯಿದೆ 1958ರದು. 2010ರ ತಿದ್ದುಪಡಿಯಂತೆ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನೊಳಗೆ ಅನುಮತಿ ಬೇಕು. ಹಂಪೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2019ರಲ್ಲಿ ಅಲ್ಲಿ ಕಂಬಗಳನ್ನು ಉರುಳಿಸಿದ ಯುವಕರಿಗೆ ನ್ಯಾಯಾಲಯವು ದಂಡ ವಿಧಿಸಿದ್ದಲ್ಲದೆ, ಆ ಕಂಬಗಳನ್ನು ಅವರಿಂದಲೇ ಎತ್ತಿ ನಿಲ್ಲಿಸಿತು.

ಆದರೆ ಕೇಂದ್ರದ ಪಟ್ಟಿಯಲ್ಲಿ ಇಡೀ ದೇಶಕ್ಕೆ ಇರುವ ಸ್ಮಾರಕಗಳು ಸುಮಾರು 3,700 ಮಾತ್ರ. ರಾಜ್ಯಗಳ ಪಟ್ಟಿಗಳನ್ನು ಸೇರಿಸಿದರೂ ನಮ್ಮ ಹಳ್ಳಿಗಳ ಸಾವಿರಾರು ಗುಡಿ, ವೀರಗಲ್ಲು, ಮಾಸ್ತಿಕಲ್ಲುಗಳು ಹೊರಗೇ ಉಳಿಯುತ್ತವೆ. ಬಟ್ಟೆ ಒಗೆಯುವ ಕಲ್ಲಾಗಿಯೋ, ಸೇತುವೆಯ ಚಪ್ಪಡಿಯಾಗಿಯೋ ಸವೆಯುವ ಶಾಸನದ ಪರವಾಗಿ ಯಾವ ಕಾವಲುಗಾರನೂ ನಿಲ್ಲುವುದಿಲ್ಲ. ಅಕ್ಷರ ಒಮ್ಮೆ ಅಳಿಸಿತೆಂದರೆ ಅದರ ಇತಿಹಾಸವೂ ಅಳಿಸಿತು.

ಸಭೆಗಳಲ್ಲಿ ವಿಜಯನಗರದ ವೈಭವವನ್ನು ಕೊಂಡಾಡುವುದು ಸುಲಭ. ಬರುವ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಊರ ಗುಡಿಯನ್ನೂ ಕೆರೆಯ ಏರಿಯನ್ನೂ ಒಮ್ಮೆ ಸುತ್ತಿ ಬನ್ನಿ. ಬರಹವಿರುವ ಕಲ್ಲು ಕಂಡರೆ ಚಿತ್ರ ತೆಗೆದು, ಸ್ಥಳ, ಅಳತೆ, ತಾರೀಖುಗಳನ್ನು ಬರೆಯಿರಿ. 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದ ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗಕ್ಕೆ ತಿಳಿಸಿ. ಮದರಾಸಿನಲ್ಲಿ ಕುಳಿತವರು ಅಂದು ಹಂಪೆಗೆ ಮಾಡಿದ ಕೆಲಸವನ್ನು ನಾವು ನಮ್ಮ ಊರಿಗಾದರೂ ಮಾಡಬಹುದಲ್ಲವೇ?