ಕೊಪ್ಪಳ ಸೀಮೆಯಲ್ಲಿ ಅಕ್ಷರ ಕಲಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬರಹ ಬಹಳ ಹಳೆಯದು, ಜನಸಾಮಾನ್ಯರ ಓದು ತೀರ ಈಚಿನದು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಿವೆ; ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. 9ನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ. ಓದು ಕಲಿಯದವರೂ ಕಾವ್ಯ ಬಲ್ಲರೆಂದು ಕನ್ನಡಿಗರನ್ನು ಕೊಂಡಾಡುತ್ತದೆ. ಅಕ್ಷರ ಮಾತ್ರ ಬಸದಿ, ಅಗ್ರಹಾರ, ಮಠಗಳ ಹೊಸ್ತಿಲಲ್ಲೇ ಬಹುಕಾಲ ಉಳಿಯಿತು.

ಹೈದರಾಬಾದ್ ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಕಚೇರಿಯ ಕಾಗದಪತ್ರ, ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ, ಮನೆಮಾತು ಕನ್ನಡ. ಕನ್ನಡ ಅಕ್ಷರ ಕಲಿಸಿದ್ದು ಗಾಂವಠಿ ಶಾಲೆಗಳು. ಮಠದ ಕಟ್ಟೆಯ ಮೇಲೋ ಗೌಡರ ಪಡಸಾಲೆಯಲ್ಲೋ ಐಗಳು, ಅಂದರೆ ಮೇಷ್ಟ್ರು, ಉಸುಕು ಹರವಿ, ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಕೈ ಕುದುರಿದ ಮೇಲೆ ಪಾಟಿ. ಸಂಜೆ ಎಲ್ಲರೂ ಸಾಲಾಗಿ ನಿಂತು ಉಗ್ಗಿ (ಮಗ್ಗಿ) ಒಪ್ಪಿಸಬೇಕು. ಐಗಳಿಗೆ ಸುಗ್ಗಿಯಲ್ಲಿ ಜೋಳವೇ ಸಂಬಳ. ಈ ಕಟ್ಟೆಗಳನ್ನು ಹತ್ತಿದ ಹೆಣ್ಣುಮಕ್ಕಳು ವಿರಳ. ದಲಿತರ ಮಕ್ಕಳಿಗಂತೂ ಬಾಗಿಲು ಮುಚ್ಚಿತ್ತು. ಓದಿನಲ್ಲಿ ಈ ಸೀಮೆಯ ಇಂದಿನ ಹಿಂದುಳಿದಿರುವಿಕೆಯನ್ನು ನಿಜಾಮರ ಲೆಕ್ಕಕ್ಕಷ್ಟೇ ಬರೆಯುವುದು ಅದಕ್ಕಾಗಿಯೇ ಸರಿಯಲ್ಲ.

ಕುಕನೂರಿನಲ್ಲಿ 1922ರಲ್ಲಿ ಆರಂಭವಾದ ವಿದ್ಯಾನಂದ ಗುರುಕುಲ ರಾಷ್ಟ್ರೀಯ ಶಿಕ್ಷಣಕ್ಕೆ ನೆಲೆಯಾಯಿತು. ಯಲಬುರ್ಗಾ ಸೀಮೆಯ ದ್ಯಾಂಪುರದ ಕವಿ ಸಿದ್ಧಯ್ಯ ಪುರಾಣಿಕರು (1918–1994) ಉರ್ದುವಿನಲ್ಲಿಯೂ ಪಳಗಿ ಹೈದರಾಬಾದ್ ಸಂಸ್ಥಾನದ ಅಧಿಕಾರಿಯಾದವರು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳದ ಗವಿಮಠವು ಶಾಲೆ, ಕಾಲೇಜುಗಳನ್ನು ತೆರೆದು, ಬಡ ಮಕ್ಕಳಿಗೆ ಉಚಿತ ಪ್ರಸಾದ ನಿಲಯ ನಡೆಸಿಕೊಂಡು ಬಂದಿದೆ. ಹಳ್ಳಿಯ ಹುಡುಗ ಊಟ, ವಸತಿಯ ಚಿಂತೆಯಿಲ್ಲದೆ ಓದುವಂತಾದದ್ದು ಸಣ್ಣ ಮಾತಲ್ಲ.

ರಾಯಚೂರಿನಿಂದ 1997ರಲ್ಲಿ ಬೇರೆಯಾದ ಕೊಪ್ಪಳ ಜಿಲ್ಲೆ, 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಯೋಜನೆಯ ಶಾಲಾ ಬಿಸಿಯೂಟ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಒಂದು. ಜನಗಣತಿಯ ಪ್ರಕಾರ 2001ರಲ್ಲಿ ಸುಮಾರು ಶೇ 54ರಷ್ಟಿದ್ದ ಸಾಕ್ಷರತೆ 2011ರಲ್ಲಿ ಶೇ 68ಕ್ಕೆ ಏರಿತು. ಆಗ ರಾಜ್ಯದ ಸರಾಸರಿ ಶೇ 75. ಮಹಿಳೆಯರದು ಶೇ 40ರ ಆಸುಪಾಸಿನಿಂದ ಶೇ 57ರ ಮೇಲಕ್ಕೆ ಬಂತು. ಹತ್ತು ವರ್ಷಗಳಲ್ಲಿ ಇದು ದೊಡ್ಡ ಜಿಗಿತ. ಆದರೂ ಪುರುಷರಿಗಿಂತ ಅವರು 20ಕ್ಕೂ ಹೆಚ್ಚು ಶೇಕಡಾ ಅಂಶಗಳಷ್ಟು ಹಿಂದಿದ್ದರು.

ಓದು ನಡುವೆ ನಿಲ್ಲಲು ಮಳೆಯೂ ಕಾರಣ. ಗಂಗಾವತಿಗೆ ತುಂಗಭದ್ರೆಯ ಕಾಲುವೆ ನೀರಿದೆ. ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಮಳೆ ನಂಬಿದ ಹೊಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವೆಗೆ ಗುಳೆ ಹೋಗುವವರ ಜೊತೆ ಮಕ್ಕಳೂ ಹೊರಡುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಪಾಠ ನಡುವೆಯೇ ನಿಲ್ಲುತ್ತದೆ.