ನೆಲದ ಮೇಲೆ ಹಾರಿದವರು

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಎದುರಿಗಿರುವ ಜೆಟ್ ವಿಮಾನವನ್ನು ಜಯನಗರ, ಬನಶಂಕರಿ ಕಡೆಯ ಶಾಲಾ ಮಕ್ಕಳಲ್ಲಿ ನೋಡದವರು ಕಡಿಮೆ. ಅದು ಬೆಂಗಳೂರಿನಲ್ಲೇ ತಯಾರಾದ ಎಚ್‌ಎಫ್-24 ಮಾರುತ್. ಅದಕ್ಕೊಬ್ಬ ಮರದ ಅಣ್ಣ ಇದ್ದನೆಂಬುದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮತ್ತು ಎಚ್‌ಎಎಲ್‌ನವರು ಜೆಟ್‌ಗಿಂತ ಮೊದಲು ಅದರಷ್ಟೇ ಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಿದರು. 1959ರಲ್ಲಿ ಡಕೋಟಾ ವಿಮಾನ ಅದನ್ನು ಎಳೆದುಕೊಂಡು ಮೇಲೇರಿ ಬಿಟ್ಟುಬಿಡುತ್ತಿತ್ತು. ಪೈಲಟ್ ಎಂಜಿನ್ ಇಲ್ಲದ ಆ ಹಕ್ಕಿಯನ್ನು ಜೋಪಾನವಾಗಿ ಇಳಿಸುತ್ತಿದ್ದ. ಇನ್ನೂ ಹುಟ್ಟದ ಜೆಟ್ಟಿನ ಸ್ವಭಾವವನ್ನು ಬೆಂಗಳೂರು ಕಲಿತದ್ದು ಹೀಗೆ.

ಹಾರುವ ಮುನ್ನ ಹಾರಿ ನೋಡುವ ಆಸೆ ಇದಕ್ಕೂ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ಮನೆತನದವರದು ಆರ್ಗನ್, ಪಿಯಾನೋ ಕಾರ್ಖಾನೆ. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ ಆತ 1929ರಲ್ಲಿ ಓಲಾಡುವ ಪುಟ್ಟ ವಿಮಾನಪೆಟ್ಟಿಗೆಯೊಂದನ್ನು ಮಾಡಿದ. ಮೊದಮೊದಲು ಅದನ್ನು ಕೊಂಡವರು ಜಾತ್ರೆಯಂಥ ಮನರಂಜನಾ ಪಾರ್ಕಿನವರು. 1934ರಲ್ಲಿ ಅಮೆರಿಕದ ಸೈನ್ಯ ಟಪಾಲು ಸಾಗಿಸಲು ಹೊರಟು, ಕೆಲವೇ ವಾರಗಳಲ್ಲಿ ಹತ್ತಾರು ಅಪಘಾತಗಳಾಗಿ ಪೈಲಟ್‌ಗಳು ಸತ್ತರು. ಆಮೇಲೆ ಸೈನ್ಯ ಆರು ಪೆಟ್ಟಿಗೆ ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು.

ಅವರು ಸತ್ತದ್ದಕ್ಕೆ ಒಂದು ಕಾರಣ ನಮ್ಮ ಕಿವಿಯೊಳಗೇ ಇದೆ. ಒಳಗಿವಿಯ ಮೂರು ಬಳೆಗಳಲ್ಲಿರುವ ದ್ರವ ನಮಗೆ ತಿರುಗುವಿಕೆಯನ್ನು ತಿಳಿಸುತ್ತದೆ. ಮೋಡದೊಳಗೆ ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ದ್ರವವೂ ಜೊತೆಗೇ ತಿರುಗಿ, ನೇರವಾಗಿ ಹೋಗುತ್ತಿದ್ದೇವೆಂದು ಅನಿಸುತ್ತದೆ. ತಿರುಗುವುದು ನಿಂತರೆ ಎದುರು ದಿಕ್ಕಿಗೆ ತಿರುಗಿದಂತಾಗುತ್ತದೆ. ಆಗ ಮೈ ಹೇಳಿದ್ದನ್ನು ಬಿಟ್ಟು ಮುಳ್ಳು ತೋರಿಸಿದ್ದನ್ನು ನಂಬಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಅಭ್ಯಾಸದಿಂದ ಬರುವುದು. 1957ರಿಂದ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಈ ಭ್ರಮೆಗಳನ್ನು ಇಂದಿಗೂ ನೆಲದ ಮೇಲೆಯೇ ಪೈಲಟ್‌ಗಳಿಗೆ ತೋರಿಸಿಕೊಡುತ್ತದೆ.

ಜೆಟ್ ಬಂದಾಗ ತಿದಿ ಸಾಲದಾಯಿತು. ವೇಗ ಹೆಚ್ಚಿತು, ಯೋಚಿಸಲು ಸಿಗುವ ಕ್ಷಣ ಕಡಿಮೆಯಾಯಿತು. ಫೈಟರ್‌ನಲ್ಲಿ ಒಂದೇ ಸೀಟು, ಪಕ್ಕದಲ್ಲಿ ಗುರು ಇಲ್ಲ. ಮಾರುತ್ ಸ್ಕ್ವಾಡ್ರನ್ ಸೇರಿದ್ದು 1967ರಲ್ಲಿ. ಎರಡು ಸೀಟಿನ ಮಾರುತ್ ಮೊದಲು ಹಾರಿದ್ದು 1970ರಲ್ಲಿ. ನಡುವಿನ ವರ್ಷಗಳಲ್ಲಿ ಪೈಲಟ್‌ನ ಮೊದಲ ಮಾರುತ್ ಹಾರಾಟವೇ ಒಂಟಿ ಹಾರಾಟ. ಇಂಥ ಕೊರತೆಯನ್ನು ತುಂಬಲೆಂದೇ ಬೇರೆ ದೇಶಗಳಲ್ಲಿ ತಿದಿಯ ಜಾಗಕ್ಕೆ ಚಲನೆಯ ಸಮೀಕರಣಗಳನ್ನು ಬಿಡಿಸುವ ಎಲೆಕ್ಟ್ರಾನಿಕ್ ಯಂತ್ರಗಳು ಬಂದವು.

ತೇಜಸ್‌ನ ಕಾಲಕ್ಕೆ ಈ ನಂಟು ತಿರುವುಮುರುವಾಯಿತು. ಅದು ಬೇಕೆಂದೇ ಅಸ್ಥಿರವಾಗಿ ರೂಪಿಸಿದ ವಿಮಾನ. ಕಂಪ್ಯೂಟರ್ ಕ್ಷಣಕ್ಷಣವೂ ತಿದ್ದದಿದ್ದರೆ ಹಾರಲಾರದು. ಪೈಲಟ್ ವಿಮಾನವನ್ನು ಕಲಿಯುವ ಮೊದಲು ವಿಮಾನವೇ ಪೈಲಟ್‌ನ ಕೈಯನ್ನು ಕಲಿಯಬೇಕಿತ್ತು. ಅದರ ನಿಯಂತ್ರಣ ಸೂತ್ರಗಳನ್ನು ಎನ್‌ಎಎಲ್, ಎಡಿಇ ಸಂಸ್ಥೆಗಳ ಸಿಮ್ಯುಲೇಟರ್‌ಗಳಲ್ಲಿ ಪರೀಕ್ಷಿಸಿದರು. ಅಮೆರಿಕದಲ್ಲಿ ಬೇರೆ ವಿಮಾನಗಳಿಗೆ ಅಳವಡಿಸಿಯೂ ಹಾರಿಸಿ ನೋಡಿದರು. 1998ರ ಪೋಖ್ರಾನ್ ಸ್ಫೋಟದ ನಂತರ ಆ ಬಾಗಿಲು ಮುಚ್ಚಿತು. ಉಳಿದದ್ದನ್ನು ಇಲ್ಲಿಯವರು ತಾವೇ ಮುಗಿಸಿದರು. 2001ರ ಜನವರಿ 4ರಂದು ರಾಜೀವ್ ಕೋಥಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೇರಿ 18 ನಿಮಿಷ ಹಾರಿಸಿ ಇಳಿದರು. ಆ ವಿಮಾನ ಆಗಸಕ್ಕೆ ಹೊಸದು, ಅದರ ನಡತೆ ಅವರಿಗೆ ಹೊಸದಾಗಿರಲಿಲ್ಲ.

ಹಾಗೆಂದು ಸಾವು ದೂರವಾಗಲಿಲ್ಲ. 2025ರ ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಉರುಳಿ ಅದರ ಪೈಲಟ್ ತೀರಿಕೊಂಡರು. 1961ರ ಜೂನ್ 17ರಂದು ಮಾರುತ್ ಅನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರೂ 1970ರ ಜನವರಿಯಲ್ಲಿ ಮಾರುತ್ ಪರೀಕ್ಷಿಸುವಾಗಲೇ ಪ್ರಾಣ ಬಿಟ್ಟರು. ಎಚ್‌ಎಎಲ್ ಬಳಿಯ ರಸ್ತೆಗೆ ಇಂದು ಅವರ ಹೆಸರಿದೆ. ಸಿಮ್ಯುಲೇಟರಿನಲ್ಲಿ ಬಿದ್ದವನು ಎದ್ದು ಬಂದು ಮತ್ತೆ ಕೂರುತ್ತಾನೆ. ಆ ಇನ್ನೊಂದು ಅವಕಾಶ ಸಿಗದವರ ಅನುಭವವೇ ಅದರೊಳಗಿನ ಪಾಠವಾಗಿದೆ.