ಔತಣದ ಮನೆಗೆ ಒಯ್ದ ದ್ರಾಕ್ಷಾಮದ್ಯ

ಹಬ್ಬದ ದಿನ ಒಬ್ಬರ ಮನೆಗೆ ಊಟಕ್ಕೆ ಹೊರಟವರು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ದೇವರು, ಗುರು, ಅರಸು ಇವರನ್ನು ರಿಕ್ತಹಸ್ತರಾಗಿ ಕಾಣಬಾರದೆಂಬುದು ಹಿರಿಯರ ಮಾತು. ಮಕ್ಕಳಿರುವ ಮನೆ, ವೃದ್ಧರಿರುವ ಮನೆಗಳನ್ನೂ ಲೋಕರೂಢಿ ಇದೇ ಸಾಲಿಗೆ ಸೇರಿಸಿದೆ. ಒಂದು ಚಿಪ್ಪು ಬಾಳೆಹಣ್ಣೋ, ಒಂದು ಮೊಳ ಮಲ್ಲಿಗೆಯೋ ಕೈಯಲ್ಲಿದ್ದರೆ ಹೊಸ್ತಿಲು ದಾಟುವಾಗ ಸಂಕೋಚ ಕಡಮೆ. ಪಶ್ಚಿಮದ ದೇಶಗಳಲ್ಲಿ ಡಿಸೆಂಬರ್ ತಿಂಗಳ ಹಬ್ಬದೂಟಕ್ಕೆ ಹೋಗುವವರು ಮನೆಯೊಡತಿಯ ಕೈಗೆ ದ್ರಾಕ್ಷಾಮದ್ಯದ ಒಂದು ಸೀಸೆಯನ್ನು ಕೊಡುವುದುಂಟು. ಯಾವ ಊರಿನದು, ಎಷ್ಟು ವರ್ಷದ್ದು, ಎಷ್ಟು ಬೆಲೆಯದು ಎಂದು ಅಂಗಡಿಯಲ್ಲಿ ನಿಂತು ಅವರು ಪಡುವ ಯೋಚನೆ ಈಚಿನ ನಾಗರಿಕತೆಯ ಫಲವೆಂದು ನೀವು ಭಾವಿಸಬಹುದು. ಹಾಗೇನೂ ಅಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮ್ ನಗರದ ಜನ ಅದೇ ಡಿಸೆಂಬರಿನಲ್ಲಿ ಇದೇ ಯೋಚನೆಯಲ್ಲಿ ಮುಳುಗಿರುತ್ತಿದ್ದರು.

ರೋಮನರಿಗಿಂತ ಮೊದಲು ಗ್ರೀಕರ ಮಾತನ್ನು ಎರಡು ವಾಕ್ಯಗಳಲ್ಲಿ ಹೇಳಬೇಕು. ಹೋಮರನ ‘ಒಡಿಸ್ಸಿ’ಯಲ್ಲಿ ಮಾರೋನ್ ಎಂಬ ಅಪೊಲೊ ದೇವನ ಪೂಜಾರಿ, ತನ್ನ ಕುಟುಂಬದ ಪ್ರಾಣ ಉಳಿಸಿದ್ದಕ್ಕಾಗಿ ಒಡಿಸ್ಯೂಸನಿಗೆ ಹನ್ನೆರಡು ಪಾತ್ರೆ ಮದ್ಯವನ್ನು ಕೊಡುತ್ತಾನೆ, ಒಂದು ಬಟ್ಟಲಿಗೆ ಇಪ್ಪತ್ತು ಅಳತೆ ನೀರು ಬೆರೆಸಿ ಕುಡಿಯಬೇಕಾದಷ್ಟು ಗಟ್ಟಿ ಮದ್ಯವದು. ಒಕ್ಕಣ್ಣ ರಾಕ್ಷಸನ ಗುಹೆಗೆ ಒಡಿಸ್ಯೂಸ್ ಅತಿಥಿಯಾಗಿ ಹೋದಾಗ ಅದರಲ್ಲೇ ಒಂದು ತೊಗಲಚೀಲ ತುಂಬಿ ಒಯ್ದಿದ್ದ. ಅತಿಥಿಗೆ ಪ್ರತಿಯಾಗಿ ಏನು ಕೊಡುವೆ ಎಂದು ಕೇಳಿದರೆ, ನಿನ್ನನ್ನು ಎಲ್ಲರಿಗಿಂತ ಕೊನೆಗೆ ತಿನ್ನುವೆನೆಂದು ರಾಕ್ಷಸ ಹೇಳುತ್ತಾನೆ! ಕೊಡುವ ಅತಿಥಿಯ ಧರ್ಮವನ್ನೂ ಪಡೆಯುವ ಮನೆಯವರ ಧರ್ಮವನ್ನೂ ಬಲ್ಲ ಶ್ರೋತೃಗಳು ಆ ಮಾತಿಗೆ ನಡುಗಿಯೂ ಇರಬೇಕು, ನಕ್ಕೂ ಇರಬೇಕು.

ಇನ್ನು ರೋಮಿಗೆ ಬರೋಣ. ಡಿಸೆಂಬರ್ ೧೭ರಂದು ಅಲ್ಲಿ ಸ್ಯಾಟರ್ನೇಲಿಯ ಎಂಬ ಹಬ್ಬ ಆರಂಭವಾಗುತ್ತಿತ್ತು. ಒಂದು ದಿನದ ಹಬ್ಬ ಕ್ರಮೇಣ ಬೆಳೆದು ವಾರದ ಹಬ್ಬವಾಯಿತು. ನ್ಯಾಯಸ್ಥಾನ, ಪಾಠಶಾಲೆಗಳಿಗೆ ರಜೆ. ಯಜಮಾನರೂ ಗುಲಾಮರೂ ಕೂಡಿ ಉಣ್ಣುವ, ಪಗಡೆಯಾಟಕ್ಕೆ ಅಡ್ಡಿಯಿಲ್ಲದ ದಿನಗಳವು. ಬಂಧುಮಿತ್ರರು ಒಬ್ಬರಿಗೊಬ್ಬರು ಮೇಣದ ಬತ್ತಿ, ಮಣ್ಣಿನ ಗೊಂಬೆ, ಹಣ್ಣುಹಂಪಲು, ಮದ್ಯ ಕಳುಹಿಸುತ್ತಿದ್ದರು. ಆ ಕಾಲದ ಕವಿ ಮಾರ್ಷಿಯಲ್ ಸ್ಪೇನಿನ ಬಿಲ್ಬಿಲಿಸ್ ಎಂಬ ಊರಿನಿಂದ ರೋಮಿಗೆ ಬಂದು ನೆಲಸಿದವನು. ಕ್ರಿ. ಶ. ೮೦ರ ದಶಕದಲ್ಲಿ ಈ ಹಬ್ಬಕ್ಕೆಂದೇ ಅವನು ‘ಕ್ಸೇನಿಯ’ ಎಂಬ ಪುಸ್ತಕವನ್ನು ಬರೆದ. ಹೆಸರಿನ ಅರ್ಥ ‘ಅತಿಥಿಗಳ ಉಡುಗೊರೆ’. ಪುಸ್ತಕದ ತುಂಬ ಎರಡೆರಡು ಸಾಲಿನ ಪದ್ಯಗಳು; ಒಂದೊಂದು ಉಡುಗೊರೆಗೂ ಕಟ್ಟಿ ಕಳುಹಿಸಲು ಒಂದೊಂದು ಚೀಟಿ ಎನ್ನಿ. ಪುಸ್ತಕದ ಬೆಲೆ ನಾಲ್ಕು ನಾಣ್ಯವೆಂದೂ, ಎರಡಕ್ಕೆ ಮಾರಿದರೂ ಪುಸ್ತಕದಂಗಡಿಯ ಟ್ರೈಫೋನನಿಗೆ ಲಾಭವೇ ಎಂದೂ, ತನ್ನಂತೆ ಕೈಯಲ್ಲಿ ಕಾಸಿಲ್ಲದವರು ಉಡುಗೊರೆಯ ಬದಲು ಈ ಪದ್ಯಗಳನ್ನೇ ಕಳುಹಿಸಬಹುದೆಂದೂ ಕವಿ ವಿನೋದವಾಗಿ ಹೇಳಿದ್ದಾನೆ.

ಆ ಪುಸ್ತಕದ ಕೊನೆಯ ಭಾಗದಲ್ಲಿ ಮದ್ಯಗಳ ಸರದಿ ಬರುತ್ತದೆ. ಉತ್ತಮವೆನಿಸಿದ ಫಲೆರ್ನಿಯನ್, ಸೇತಿಯನ್, ಕೈಕುಬನ್ ಮುಂತಾದವು ಅಲ್ಲಿವೆ, ಕೀಳೆನಿಸಿದವೂ ಇವೆ. ಪೆಲಿಗ್ನಿ ಸೀಮೆಯ ಬಗ್ಗಡದ ಮದ್ಯವನ್ನು ನೀನು ಕುಡಿಯಬೇಡ, ನಿನ್ನ ಮಾಜಿ ಗುಲಾಮನಿಗೆ ಕೊಡು ಎಂದು ಅವನ ಸಲಹೆ. ಹೊಗೆ ಹಿಡಿಸಿದ ಮಸಿಲಿಯದ ಮದ್ಯ, ಅಂದರೆ ಈಗಿನ ಮಾರ್ಸೇಲ್ಸಿನದು, ದಾನಕ್ಕೆ ನೂರಾರು ಮಂದಿ ಬಂದು ನೆರೆದಾಗ ಸುರಿಯಲು ಸಾಕು. ಆದರೆ ಸ್ಪೊಲೇಟಿಯಮ್ಮಿನ ಮದ್ಯದ ವಿಷಯದಲ್ಲಿ ಅವನು ಹೇಳಿರುವುದು ಇಂದಿಗೂ ಕೊಳ್ಳುವವರಿಗೆ ಉಪಯುಕ್ತ: ಹೊಸ ಫಲೆರ್ನಿಯನ್ನಿಗಿಂತ ಹಳೆಯದಾಗಿ ಹದಗೊಂಡ ಸ್ಪೊಲೇಟಿಯಮ್ಮಿನದೇ ಮೇಲು. ಹೆಸರೊಂದನ್ನೇ ನಂಬಬೇಡಿ, ಹದವನ್ನು ನೋಡಿ ಎಂದು ಇದರ ತಾತ್ಪರ್ಯ. ನೊಮೆಂಟಮ್ಮಿನಲ್ಲಿದ್ದ ತನ್ನ ಸ್ವಂತ ತೋಟದ ಮದ್ಯವನ್ನು ಕಳುಹಿಸುವಾಗಲಂತೂ, ನನ್ನ ನೆರೆಯ ಕ್ವಿಂಟಸ್ ನಿನ್ನ ಮೇಲೆ ಪ್ರೀತಿಯಿಟ್ಟರೆ ಇದಕ್ಕಿಂತ ಒಳ್ಳೆಯದು ಸಿಕ್ಕೀತು ಎಂದು ತಾನೇ ನಕ್ಕುಬಿಟ್ಟಿದ್ದಾನೆ.

ಹದವನ್ನು ತಿಳಿಯುವುದು ಹೇಗೆ? ಮದ್ಯ ಬರುತ್ತಿದ್ದುದು ‘ಆಂಫೊರ’ ಎಂಬ ಎರಡು ಹಿಡಿಯ ಮಣ್ಣಿನ ಜಾಡಿಗಳಲ್ಲಿ. ಒಂದು ಜಾಡಿಗೆ ಸುಮಾರು ೨೬ ಲೀಟರು. ಬಾಯಿಗೆ ಬಿರಡೆ ಹಾಕಿ ಮೆತ್ತಿ, ಮೈಮೇಲೆ ಊರಿನ ಹೆಸರನ್ನೂ ಆ ವರ್ಷದ ಕಾನ್ಸಲರ ಹೆಸರನ್ನೂ ಬಣ್ಣದಲ್ಲಿ ಬರೆಯುತ್ತಿದ್ದರು. ಕ್ರಿ. ಪೂ. ೧೨೧ರಲ್ಲಿ ಒಪಿಮಿಯಸ್ ಕಾನ್ಸಲನಾಗಿದ್ದಾಗ ಬೆಳೆ ಅತ್ಯುತ್ತಮವಾಗಿತ್ತು. ಹೀಗಾಗಿ ‘ಒಪಿಮಿಯನ್’ ಎಂಬ ಮಾತೇ ಶ್ರೇಷ್ಠತೆಯ ಮುದ್ರೆಯಾಯಿತು. ಸುಮಾರು ಇನ್ನೂರು ವರ್ಷಗಳ ಮೇಲೂ ಅದು ಉಳಿದಿತ್ತೆಂದೂ, ಆದರೆ ಕಹಿಜೇನಿನಂತೆ ಗಟ್ಟಿಯಾಗಿತ್ತೆಂದೂ ಹಿರಿಯ ಪ್ಲಿನಿ ಬರೆದಿದ್ದಾನೆ. ಈ ಮೋಹವನ್ನು ಪೆಟ್ರೋನಿಯಸ್ ತನ್ನ ಕಥೆಯಲ್ಲಿ ಚೆನ್ನಾಗಿ ಗೇಲಿ ಮಾಡಿದ್ದಾನೆ. ಹೊಸ ಶ್ರೀಮಂತ ಟ್ರಿಮಾಲ್ಕಿಯೊ ಔತಣಕ್ಕೆ ಗಾಜಿನ ಪಾತ್ರೆಗಳನ್ನು ತರಿಸುತ್ತಾನೆ. ಅವುಗಳ ಕೊರಳಿಗೆ ‘ಒಪಿಮಿಯನ್ ಫಲೆರ್ನಿಯನ್, ನೂರು ವರ್ಷದ್ದು’ ಎಂಬ ಚೀಟಿ! ಒಪಿಮಿಯಸನ ಕಾಲ ಕಳೆದು ನೂರಕ್ಕಿಂತ ಎಷ್ಟೋ ಹೆಚ್ಚು ವರ್ಷ ಆಗಿತ್ತೆಂಬ ಲೆಕ್ಕ ಅವನಿಗೆ ತಿಳಿಯದು. ಚೀಟಿ ನೋಡಿ ಬೆರಗಾಗುವವರು ಇಂದೂ ಇದ್ದಾರಷ್ಟೆ.

ಇಷ್ಟಾದರೂ ವಿಷಯ ರುಚಿಗೆ ಮಾತ್ರ ಸೇರಿದ್ದಲ್ಲ. ಮನುಷ್ಯರ ಮರ್ಯಾದೆಗೂ ಸೇರಿದ್ದು. ಕಿರಿಯ ಪ್ಲಿನಿ ಒಂದು ಕಾಗದದಲ್ಲಿ ತಾನು ಉಂಡ ಔತಣವೊಂದನ್ನು ವರ್ಣಿಸಿದ್ದಾನೆ. ಮನೆಯ ಯಜಮಾನ ಮೂರು ಬಗೆಯ ಮದ್ಯಗಳನ್ನು ಚಿಕ್ಕ ಪಾತ್ರೆಗಳಲ್ಲಿ ಇಡಿಸಿದ್ದ. ಅತಿಥಿಗಳು ಆರಿಸಿಕೊಳ್ಳಲಿ ಎಂದಲ್ಲ. ಒಳ್ಳೆಯದು ತನಗೂ ಪ್ಲಿನಿಯಂಥವರಿಗೂ, ಸಾಧಾರಣವಾದದ್ದು ಸಣ್ಣ ಸ್ನೇಹಿತರಿಗೆ, ಕೀಳಾದದ್ದು ಬಿಡುಗಡೆ ಹೊಂದಿದ ಗುಲಾಮರಿಗೆ. ಒಂದೇ ಪಂಕ್ತಿ, ಮೂರು ದರ್ಜೆ. ಪಕ್ಕದಲ್ಲಿ ಕುಳಿತವನು, ನಿಮ್ಮ ಮನೆಯಲ್ಲಿ ಹೇಗೆ ಎಂದು ಕೇಳಿದ. ಪ್ಲಿನಿ ತಾನು ಎಲ್ಲರಿಗೂ ಒಂದೇ ಬಡಿಸುವುದಾಗಿ ಹೇಳಿದ. ಬಹಳ ಖರ್ಚಾಗುವುದಿಲ್ಲವೆ? ಇಲ್ಲ, ತಾನು ಕುಡಿಯುವುದನ್ನು ಅವರು ಕುಡಿಯುವುದಿಲ್ಲ, ಅವರು ಕುಡಿಯುವುದನ್ನೇ ತಾನು ಕುಡಿಯುವುದೆಂದು ಅವನ ಉತ್ತರ. ಪಂಕ್ತಿಭೇದದ ಕಹಿಯನ್ನು ಕಂಡ ನಮ್ಮ ನಾಡಿನವರಿಗೆ ಈ ಕಾಗದಕ್ಕೆ ಭಾಷ್ಯ ಬೇಕಿಲ್ಲ.

ಮನೆಯೊಡತಿಯ ಮಾತನ್ನು ಇಲ್ಲಿ ಮರೆಯುವಂತಿಲ್ಲ. ಪ್ರಾಚೀನ ರೋಮಿನಲ್ಲಿ ಅವಳಿಗೆ ಮದ್ಯವನ್ನು ಉಡುಗೊರೆ ಕೊಡುವುದು ಊಹೆಗೂ ಮೀರಿದ್ದು. ಹೆಂಗಸರು ಅದನ್ನು ಮುಟ್ಟಬಾರದೆಂದು ಕಟ್ಟಳೆ. ಮನೆಯ ಹೆಂಗಸರ ಬಾಯಲ್ಲಿ ವಾಸನೆ ಇದೆಯೇ ಎಂದು ತಿಳಿಯಲು ಬಂಧುಗಳು ಅವರಿಗೆ ಮುತ್ತು ಕೊಡುತ್ತಿದ್ದರೆಂದು ಕೇಟೋ ಹೇಳಿದ್ದನ್ನು ಹಿರಿಯ ಪ್ಲಿನಿ ಉದ್ಧರಿಸಿದ್ದಾನೆ. ಕುಡಿದ ತಪ್ಪಿಗೆ ಹೆಂಡತಿಯನ್ನು ಹೊಡೆದು ಕೊಂದವನನ್ನು ರೋಮ್ಯುಲಸ್ ನಿರ್ದೋಷಿಯೆಂದು ಬಿಟ್ಟನೆಂಬ ಐತಿಹ್ಯವೂ ಉಂಟು. ಚಕ್ರವರ್ತಿಗಳ ಕಾಲಕ್ಕೆ ಈ ಕಾಠಿಣ್ಯ ಸಡಲಿ, ಗೃಹಿಣಿಯರೂ ಔತಣದಲ್ಲಿ ಗಂಡಸರೊಡನೆ ಕುಳಿತರು. ಮಾರ್ಚ್ ೧ರ ಮಾತ್ರೊನೇಲಿಯ ಹಬ್ಬದಲ್ಲಿ ಗಂಡಂದಿರು ಹೆಂಡತಿಯರಿಗೆ ಉಡುಗೊರೆ ಕೊಡುತ್ತಿದ್ದರು. ಗೃಹಿಣಿಯರು ತಮ್ಮ ಗುಲಾಮರಿಗೆ ಔತಣವಿಡುತ್ತಿದ್ದರು. ಇಂದು ಅತಿಥಿಯ ಸೀಸೆಯನ್ನು ಮನೆಯೊಡತಿ ನಗುತ್ತ ಕೈಗೆ ತೆಗೆದುಕೊಳ್ಳುವುದರ ಹಿಂದೆ ಇಷ್ಟು ದೀರ್ಘವಾದ ಕಥೆಯಿದೆ.

ಈ ಮದ್ಯ ನಮ್ಮ ದೇಶಕ್ಕೂ ಕಾಣಿಕೆಯಾಗಿ ಬಂದುದುಂಟು. ಗ್ರೀಕರು ಅಮಿತ್ರೊಖಾತಿಸ್ ಎಂದು ಕರೆದ ಮೌರ್ಯ ಬಿಂದುಸಾರ, ಸಿರಿಯದ ಅರಸ ಆಂಟಿಯೋಕಸನಿಗೆ ಬರೆದು ಸಿಹಿಮದ್ಯ, ಒಣ ಅಂಜೂರ, ಒಬ್ಬ ಪಂಡಿತ ಈ ಮೂರನ್ನು ಕೊಂಡು ಕಳುಹಿಸಬೇಕೆಂದು ಕೇಳಿದನಂತೆ. ಮೊದಲಿನ ಎರಡನ್ನು ಕಳುಹಿಸುತ್ತೇವೆ, ಪಂಡಿತರನ್ನು ಮಾರುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ ಎಂದು ಉತ್ತರ ಬಂತೆಂದು ಅಥೇನಿಯಸ್ ಉಳಿಸಿಟ್ಟ ಕಥೆ ಹೇಳುತ್ತದೆ. ಮಸ್ಕಿ, ಬ್ರಹ್ಮಗಿರಿಗಳಲ್ಲಿ ಶಾಸನ ಬರೆಸಿದ ಅಶೋಕನ ತಂದೆಯೇ ಈ ಬಿಂದುಸಾರ. ಮುಂದೆ ಕ್ರಿ. ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ, ಭರುಕಚ್ಛದ ರೇವಿಗೆ ಇಟಲಿಯ ಮದ್ಯ ಬರುತ್ತಿತ್ತೆಂದೂ, ಅರಸನ ಕಾಣಿಕೆಗಳಲ್ಲಿ ಉತ್ತಮ ಮದ್ಯವೂ ಸೇರಿತ್ತೆಂದೂ ತಿಳಿಸುತ್ತದೆ. ೧೯೪೫ರಲ್ಲಿ ಮಾರ್ಟಿಮರ್ ವ್ಹೀಲರ್ ಪಾಂಡಿಚೇರಿಯ ಬಳಿಯ ಅರಿಕಮೇಡನ್ನು ಅಗೆಸಿದಾಗ ಆಂಫೊರಗಳ ಚೂರುಗಳು ಸಿಕ್ಕವು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ರೋಮನ್ ನಾಣ್ಯಗಳು ದೊರೆತಿವೆ.

ಕೈಯಲ್ಲಿ ಹಿಡಿದು ಒಯ್ಯುವ ಸೀಸೆ ಮಾತ್ರ ಬಹಳ ಈಚಿನದು. ಜರ್ಮನಿಯ ಸ್ಪೇಯರ್ ಬಳಿ ೧೮೬೭ರಲ್ಲಿ ದೊರೆತ, ನಾಲ್ಕನೆಯ ಶತಮಾನದ ಗಾಜಿನ ಸೀಸೆಯಲ್ಲಿ ಇಂದಿಗೂ ದ್ರವವಿದೆ. ಆದರೆ ಅಂಥವು ವಿರಳ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಕಲ್ಲಿದ್ದಲಿನ ಕುಲುಮೆಯಲ್ಲಿ ದಪ್ಪಗಾಜಿನ ಗಟ್ಟಿ ಸೀಸೆಗಳನ್ನು ಮಾಡಿ, ಅವಕ್ಕೆ ಬಿರಡೆ ಹಾಕಿದ ಮೇಲೆಯೇ ಮದ್ಯ ಪೀಪಾಯಿಯಿಂದ ಸೀಸೆಗೆ ಇಳಿದು, ಮನೆಯಿಂದ ಮನೆಗೆ ಸುಲಭವಾಗಿ ಸಾಗುವಂತಾಯಿತು.

ಹಾಗಾದರೆ ಯಾವುದನ್ನು ಆರಿಸಬೇಕು? ರೋಮಿನವರ ಅನುಭವವನ್ನು ಕೇಳುವುದಾದರೆ ಉತ್ತರ ಸರಳ. ಹೆಸರಿಗೆ ಮರುಳಾಗದೆ ಹದವನ್ನು ನೋಡಿ. ನೀವು ಕುಡಿಯಲಾರದ್ದನ್ನು ಇನ್ನೊಬ್ಬರ ಮನೆಗೆ ಒಯ್ಯಬೇಡಿ. ಕೊಟ್ಟದ್ದನ್ನು ಅಂದಿನ ಊಟದಲ್ಲೇ ತೆರೆಯಬೇಕೆಂದು ನಿರೀಕ್ಷಿಸಬೇಡಿ. ಅಂದಿನ ಅಡುಗೆಗೆ ತಕ್ಕದ್ದನ್ನು ಮನೆಯೊಡತಿ ಮೊದಲೇ ಯೋಚಿಸಿಟ್ಟಿರುತ್ತಾಳೆ. ಮದ್ಯ ಸಲ್ಲದ ಮನೆಗೆ ಮಾರ್ಷಿಯಲನ ಪಟ್ಟಿಯಲ್ಲಿಯೇ ಜೇನು, ಖರ್ಜೂರ, ಹಣ್ಣುಗಳು ಬೇಕಾದಷ್ಟಿವೆ. ಕಾಸಿಲ್ಲದ ದಿನ ಅವನಂತೆ ಎರಡು ಸಾಲಿನ ಒಳ್ಳೆಯ ಮಾತನ್ನಾದರೂ ಒಯ್ದರೆ, ಬರಿಗೈಯಲ್ಲಿ ಬಂದರೆಂದು ಯಾರೂ ಎನ್ನಲಾರರು.